ಎಲ್ಲರಿಗಿಂತ ಬೇಗ ಓಡಿದವನು

ಏಳು ಕೆರೆ, ಏಳು ಕಣಿವೆ ದಾಟಿದರೆ ಹೊಂಬಾಳೆ ಎಂಬ ರಾಜ್ಯವೊಂದಿತ್ತಂತೆ. ಅಲ್ಲಿಯ ಜನಕ್ಕೊಂದು ಹುಚ್ಚು. ಯಾರಾದರೂ ಚೆನ್ನಾಗಿ ಹಾಡಿದರೆ ಸಾಲದು, "ಯಾರಿಗಿಂತ ಚೆನ್ನಾಗಿ?" ಎಂದು ಕೇಳುವರು. ಈ ಹುಚ್ಚು ನೋಡಿದ ಮಾಂತ್ರಿಕ ಧೂಮಾಕ್ಷ ಹೆಬ್ಬಾಗಿಲಲ್ಲಿ ಹೊಸದಾಗಿ ಮೂರು ಮೆಟ್ಟಿಲು ಕಟ್ಟಿಸಿದ. ಬೇಗ ಓಡುವವನಿಗೆ ಮೊದಲನೆಯದು, ಇನ್ನೊಬ್ಬನಿಗಿಂತ ಬೇಗ ಓಡಿದವನಿಗೆ ಎರಡನೆಯದು, ಎಲ್ಲರಿಗಿಂತ ಬೇಗ ಓಡಿದವನಿಗೆ ಮೂರನೆಯದು.

ಓಲೆ ಒಯ್ಯುವ ಬೊಮ್ಮನಿಗೆ ಆ ಮೂರನೆಯದರ ಮೇಲೇ ಕಣ್ಣು. ಮೊದಲ ದಿನ ಬೆಟ್ಟದ ತುದಿಯ ಹೂವನ್ನು ಬಾಡುವ ಮೊದಲೇ ತಂದು, ಮೊದಲ ಮೆಟ್ಟಿಲು ಹತ್ತಿದ. ಎರಡನೇ ದಿನ ಅಣ್ಣ ಮಲ್ಲನಿಗಿಂತ ಬೇಗ ಓಡಿ, ನಗುತ್ತಾ ತಿರುಗಿ ನೋಡುತ್ತಾನೆ, ಅಣ್ಣನೇ ಇಲ್ಲ!

"ಅಯ್ಯೋ, ನನ್ನಣ್ಣ ಎಲ್ಲಿ?"

"ನನ್ನ ಮೆಟ್ಟಿಲು ತುಳಿದವನಿಗೆ, ಅವನ ಹಿಂದೆ ಬಿದ್ದವರು ಕಾಣರು, ಅವರ ದನಿಯೂ ಕೇಳದು. ನಾಳೆ ಎಲ್ಲರಿಗಿಂತ ಬೇಗ ಓಡು, ಅಣ್ಣನನ್ನು ಕೊಡುತ್ತೇನೆ," ಎಂದ ಧೂಮಾಕ್ಷ.

ನಂಬಿಬಿಟ್ಟ, ಪೆದ್ದ! ಮೂರನೇ ದಿನ ಊರಿಗೆ ಊರೇ ಓಡಿತು, ಕಾಲುನೋವಿನ ಅವ್ವ ಹೊನ್ನವ್ವನೂ ಓಡಿದಳು. ಬೊಮ್ಮನೇ ಗೆದ್ದ. ತಿರುಗಿದರೆ ಬೀದಿಯೆಲ್ಲ ಖಾಲಿ. ಮೂರನೇ ಮೆಟ್ಟಿಲ ಮೇಲೆ ನಿಂತ ಧೂಮಾಕ್ಷನೊಬ್ಬನೇ ಕಂಡ.

"ಇನ್ನು ನಿನಗೆ ಯಾರೂ ಇಲ್ಲ. ನನಗೊಬ್ಬನಿಗೇ ಓಡು!" ಎಂದು ಅವನು ನಕ್ಕ.

ಬಾವಿಯಿಂದ ಕೊಡ ತಾನಾಗಿ ಮೇಲೆ ಬರುತ್ತಿತ್ತು, ಒನಕೆ ತಾನಾಗಿ ಕುಟ್ಟುತ್ತಿತ್ತು. ಮನೆಯಲ್ಲಿ ತಟ್ಟೆಗೆ ಮುದ್ದೆ ಬಿತ್ತು, ಇಟ್ಟ ಕೈ ಕಾಣಲಿಲ್ಲ. ಬೊಮ್ಮ ತಟ್ಟೆ ಸರಿಸಿ ಎದ್ದ. ಅಷ್ಟು ಜನರ ನಡುವೆ ಒಂಟಿಯಾಗಿ ಮೂರು ದಿನ ಬಿಕ್ಕಿ ಬಿಕ್ಕಿ ಅತ್ತ.

ಅಳುತ್ತಳುತ್ತಲೇ ಹೊಳೆಯಿತು: ಹಿಂದೆ ಬಿದ್ದವರು ತಾನೇ ಕಾಣದವರು? ನಾನೇ ಹಿಂದೆ ಬಿದ್ದರೆ?

"ಅಪ್ಪಂದಿರಾ, ಅವ್ವಂದಿರಾ," ಎಂದು ಖಾಲಿ ಬೀದಿಗೆ ಕೂಗಿದ. "ನಿಮಗೆ ನನ್ನ ಮಾತು ಕೇಳುತ್ತಲ್ಲ? ಕೆರೆಯ ಕಡೆ ನಡೆಯಿರಿ, ನನ್ನನ್ನು ದಾಟಿ ಹೋಗಿ!"

ಒಂದು ಹೆಜ್ಜೆ ಇಟ್ಟ, ನಿಂತ. ಮತ್ತೊಂದು ಇಟ್ಟ, ನಿಂತ. ಪಕ್ಕದಲ್ಲಿ ಹಾದು ಹೋದ ಮಲ್ಲಣ್ಣ ಕಂಡ! ಆಮೇಲೆ ಕುಂಬಾರರು, ನೇಕಾರರು, ಅವರ ಮಕ್ಕಳು ಕಂಡರು.

ಧೂಮಾಕ್ಷನಿಗೆ ರೇಗಿತು. ಅಡ್ಡಗಟ್ಟಲು ಓಡಿದ, ಎಲ್ಲರನ್ನೂ ದಾಟಿ ಓಡಿದ. ತಾನೂ ಅದೇ ಮೆಟ್ಟಿಲು ತುಳಿದವನೆಂಬುದು ಕೋಪದಲ್ಲಿ ಮರೆತೇಹೋಗಿತ್ತು. ತಿರುಗಿದರೆ ಬರಿ ದಾರಿ. "ಎಲ್ಲಿದ್ದೀರೋ!" ಎಂದು ಅರಚುತ್ತಾ ಕಾಡು ಸೇರಿದ. ಕಣ್ಣಿಗೇ ಕಾಣದವರನ್ನು ಯಾರು ತಾನೇ ಆಳಿಯಾರು?

ಅವ್ವ ಮಾತ್ರ ಇನ್ನೂ ಬಂದಿರಲಿಲ್ಲ. ಅವಳು ಎಲ್ಲರಿಗಿಂತ ನಿಧಾನ. ಹೊತ್ತು ಇಳಿದರೂ ಬೊಮ್ಮ ಕದಲಲಿಲ್ಲ. ಕೊನೆಗೆ ಬೆನ್ನಿಗೊಂದು ಗುದ್ದು ಬಿತ್ತು. ಕುಂಟುತ್ತಾ ದಾಟಿ ಎದುರಿಗೆ ನಿಂತಳು ಹೊನ್ನವ್ವ.

"ಏನೋ, ಮೂರು ದಿನದಿಂದ ಕರೀತಿದ್ದೀನಿ, ಓ ಅನ್ನಬಾರದಾ?"

"ಓ, ಅವ್ವಾ!" ಎಂದ ಬೊಮ್ಮ.

ಅಂದಿನಿಂದ ಹೊಂಬಾಳೆ ನೆಮ್ಮದಿಯಾಗಿ ಬಾಳಿತು. ಹೊನ್ನವ್ವನಿಗೆ ಮಾತ್ರ ಆ ದಿನ ಒಂದು ಸಲ ಓಗೊಟ್ಟರೆ ಸಾಲಲಿಲ್ಲ. ಮನೆ ಮುಟ್ಟುವವರೆಗೂ ಕರೆಯುತ್ತಲೇ ಇದ್ದಳು, ಅವನು ಓಗೊಡುತ್ತಲೇ ಇದ್ದ.