ಕಲಕಿದ ಹನ್ನೆರಡು ಸೀಸೆಗಳು

ಗುರುವಾರ ಬೆಳಿಗ್ಗೆ ಮೋಕ್ಷಾ ಪ್ರಯೋಗಾಲಯದ ಬಿಸಿಕೋಣೆಯ ಬೀಗ ತೆಗೆದಳು. ಒಳಗಿದ್ದ ಹನ್ನೆರಡೂ ಸೀಸೆಗಳ ಸಮುದ್ರದ ನೀರು ಅಕ್ಕಿ ತೊಳೆದ ನೀರಿನಂತೆ ಕಲಕಿಹೋಗಿತ್ತು.

ಹೇಗೆ? ಬ್ಯಾಕ್ಟೀರಿಯಾ ಇಷ್ಟು ಬೆಳೆಯಬೇಕಾದರೆ ಹೊಟ್ಟೆಗೆ ಏನಾದರೂ ಬೇಕು. ಈ ನೀರನ್ನು ಅವಳ ಅಪ್ಪ ಅಂಗಾರ, ದೋಣಿಯಲ್ಲಿ ದಡದಿಂದ ಬಹುದೂರ ಹೋಗಿ ತಂದಿದ್ದರು. ಅದರಲ್ಲಿ ಆಹಾರವೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಸರಕಾರಿ ವಿಚಾರಣೆ. ಅಳಿವೆಯಲ್ಲಿ ಮರುವಾಯಿ ಚಿಪ್ಪುಗಳು ಸಾಯುತ್ತಿರುವುದು ಮೀನುಪುಡಿ ಕಾರ್ಖಾನೆಯ ಕೊಳಚೆ ತಿಂದು ಬೆಳೆಯುವ ಬ್ಯಾಕ್ಟೀರಿಯಾದಿಂದ ಎಂದು ಮೋಕ್ಷಾ ವರದಿ ಬರೆದಿದ್ದಳು. ಬರೀ ಸೆಕೆಗೆ ನೀರು ಕೆಡುತ್ತದೆ ಎನ್ನುವುದು ಕಾರ್ಖಾನೆಯ ವಾದ. ಆಹಾರವಿಲ್ಲದಿದ್ದರೆ ಬರೀ ಬಿಸಿಗೆ ಏನೂ ಆಗದು ಎಂದು ತೋರಿಸಲು ಇಟ್ಟ ಸೀಸೆಗಳೇ ಈಗ ಅವಳ ವಿರುದ್ಧ ನಿಂತಿದ್ದವು.

"ಕೀ ಯಾರ ಹತ್ತಿರ ಉಂಟು?" ಮುಖ್ಯಸ್ಥ ಚಾರ್ಲ್ಸ್ ಕೇಳಿದರು.

"ನನ್ನ ಹತ್ತಿರ ಮಾತ್ರ, ಸರ್."

"ಮತ್ತೆ ಎಂತ ಹೇಳುವುದು? ತಪ್ಪು ನನ್ನದು ಅಂತ ಬರೆದು ಸಹಿ ಹಾಕು. ವರದಿ ವಾಪಸ್ ತೆಗೆದುಕೊಳ್ಳುವ."

ಸಹಿ ಹಾಕಿದರೆ ಮರುವಾಯಿ ಹೆಕ್ಕಿ ಬದುಕುವ ಅವಳದೇ ಓಣಿಯ ಹೆಂಗಸರಿಗೆ ದಿಕ್ಕಿಲ್ಲ. ಹಾಕದಿದ್ದರೆ ಸುಳ್ಳುಗಾತಿಯ ಹಣೆಪಟ್ಟಿ. ಯಾವ ಕಡೆ ತಿರುಗಿದರೂ ಗೋಡೆ. ಮೋಕ್ಷಾ ಸಹಿ ಹಾಕದೆ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ, ತನಿಖೆಗೆಂದು ಸಂಸ್ಥೆ ಕರೆಸಿದ್ದ ಸಫಿಯಾ ಬಂದರು. ಆಹಾರ ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

"ನೀರು ಸೀಸೆಗೆ ತುಂಬಿಸಿದ್ದು ಯಾವಾಗ?"

"ಮಂಗಳವಾರ ಸಂಜೆ, ಮೇಡಂ. ಒಂದೇ ಕ್ಯಾನಿನಿಂದ. ಹನ್ನೆರಡು ಇಲ್ಲಿ, ಮೂವತ್ತು ಡಿಗ್ರಿಗೆ. ಇನ್ನು ಹನ್ನೆರಡು ತಂಪುಕೋಣೆಯಲ್ಲಿ, ಹತ್ತಕ್ಕೆ."

"ಅವು?"

"ತಿಳಿಯಾಗಿಯೇ ಉಂಟು."

"ತಿಳಿ ಉಂಟು ಅಂದರೆ ಶುದ್ಧ ಅಂತ ಅಲ್ಲ, ಮಗಾ."

ಸಫಿಯಾ ತಂಪುಕೋಣೆಯ ಆರು ಸೀಸೆಗಳನ್ನು ಅದೇ ಮೂವತ್ತು ಡಿಗ್ರಿಯ ಬೇರೊಂದು ಬಿಸಿ ಪೆಟ್ಟಿಗೆಗೆ ಸಾಗಿಸಿದರು. ಅಂಗಾರ ಅಂದೇ ಅದೇ ಜಾಗದಿಂದ ತಂದ ಹೊಸ ನೀರನ್ನೂ ಪಕ್ಕದಲ್ಲಿಟ್ಟು, ಬೀಗ ಹಾಕಿ ಕೀಲಿಯನ್ನು ತಮ್ಮ ಚೀಲಕ್ಕೆ ಸೇರಿಸಿದರು.

ಶುಕ್ರವಾರವಿಡೀ ಮೋಕ್ಷಾ ಗ್ರಂಥಾಲಯದ ಮೂಲೆಯಲ್ಲಿ ಕುಳಿತಳು. ಯಾರೂ ಮಾತನಾಡಿಸಲಿಲ್ಲ. ಸಹಿಯಿಲ್ಲದ ಕಾಗದ ಎದುರಿಗೇ ಇತ್ತು.

ಶನಿವಾರ ಬೆಳಿಗ್ಗೆ ಸಫಿಯಾ ಎಲ್ಲರ ಎದುರು ಪೆಟ್ಟಿಗೆ ತೆರೆದರು. ಹೊಸ ನೀರು ತಿಳಿ. ತಂಪುಕೋಣೆಯಿಂದ ಬಂದ ಆರೂ ಸೀಸೆ — ಕಲಕಿದ್ದವು.

"ಎಲ್ಲರೂ ಬಿಸಿಕೋಣೆಯ ಬೀಗವನ್ನೇ ನೋಡಿದಿರಿ," ಎಂದರು ಸಫಿಯಾ. "ತಂಪಿನಲ್ಲಿದ್ದ ಸೀಸೆಯನ್ನು ಯಾರೂ ಕೇಳಲಿಲ್ಲ. ಅದರಲ್ಲೂ ಆಹಾರ ಇತ್ತು. ತಂಪಿಗೆ ಬ್ಯಾಕ್ಟೀರಿಯಾ ಬೆಳೆಯದೆ ಸುಮ್ಮನಿತ್ತು, ಅಷ್ಟೆ. ಎರಡೂ ಕಡೆ ಒಂದೇ ಕಥೆ ಅಂದರೆ ಬೆರೆಸಿದ್ದು ಸೀಸೆಗಲ್ಲ, ಕ್ಯಾನಿಗೆ. ಮಂಗಳವಾರ ಕ್ಯಾನ್ ಎಲ್ಲಿತ್ತು?"

"ನನ್ನ ಮೇಜಿನ ಮೇಲೆ," ಎಂದಳು ಮೋಕ್ಷಾ. "ಎರಡರಿಂದ ನಾಲ್ಕರವರೆಗೆ ನಾನು ಸರ್ ಜೊತೆ ಮೀಟಿಂಗಿನಲ್ಲಿದ್ದೆ."

"ಆಗ ಇಲ್ಲಿ ಇದ್ದದ್ದು?"

"ಶೆರ್ವಿನ್ ಒಬ್ಬನೇ."

ಮೂರು ವರ್ಷ ಅವಳ ಪಕ್ಕದ ಮೇಜಿನಲ್ಲೇ ಸಂಶೋಧನೆ ಮಾಡುತ್ತಿದ್ದ ಶೆರ್ವಿನ್ ನೆಲ ನೋಡಿದ.

"ಖಾಲಿ ಕ್ಯಾನ್ ತೊಳೆದದ್ದು ಯಾರು?"

"ಅವನೇ," ಮೋಕ್ಷಾ ನಿಧಾನವಾಗಿ ಹೇಳಿದಳು. "ಯಾವತ್ತೂ ತೊಳೆಯದವನು ಅವತ್ತು ಸೋಪು ಹಾಕಿ ತೊಳೆದ. ನಾನು ಥ್ಯಾಂಕ್ಸ್ ಹೇಳಿದ್ದೆ."

"ಎಂತ ಹಾಕಿದ್ದು, ಶೆರ್ವಿನ್?" ಸಫಿಯಾ ಕೇಳಿದರು.

"ಬ್ಯಾಕ್ಟೀರಿಯಾ ಬೆಳೆಸುವ ಯೀಸ್ಟ್ ಪುಡಿ," ಅವನ ದನಿ ಉಡುಗಿತ್ತು. "ಕಾರ್ಖಾನೆಯವರು ಕೆಲಸ ಕೊಡ್ತೇವೆ ಅಂದರು. ಪ್ರಯೋಗ ಕೆಟ್ಟರೆ ಸಾಕು ಅಂತ... ನಿನ್ನ ತಲೆಗೆ ಬರುತ್ತದೆ ಅಂತ ಗೊತ್ತಿರಲಿಲ್ಲ, ಮಾರಾಯ್ತಿ."

"ಕೀ ನನ್ನ ಹತ್ತಿರ ಮಾತ್ರ ಇತ್ತು ಅಂತ ಗೊತ್ತಿತ್ತಲ್ಲ?"

ಚಾರ್ಲ್ಸ್ ಏನೋ ಹೇಳಲು ಬಾಯಿ ತೆರೆದರು. ಮೋಕ್ಷಾ ಕಾಯಲಿಲ್ಲ. ಬಿಸಿಯಲ್ಲೂ ತಿಳಿಯಾಗಿಯೇ ಉಳಿದ ಹೊಸ ನೀರನ್ನೂ ಕಲಕಿದ ಆರು ಸೀಸೆಗಳನ್ನೂ ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ತುಂಬಿಸಿದಳು. ವಿಚಾರಣೆಗೆ ಇನ್ನೂ ಮೂರು ಗಂಟೆ ಇತ್ತು.