ಮಲಗಿದ್ದವಳ ಏಳು ಸಾವಿರ ಹೆಜ್ಜೆ

ಹಂಸ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಆದರೆ ಬೆಳಗ್ಗೆ ಏಳೂವರೆಗೆಲ್ಲ ಏಳು ಸಾವಿರದ ನಾನೂರ ಹನ್ನೆರಡು ಹೆಜ್ಜೆ ನಡೆದು ಮುಗಿಸಿದ್ದಳು!

ಹಾಗಂತ ಹೇಳಿದ್ದು ಅವಳ ಕೈಯಲ್ಲಿದ್ದ ವಾಚು. ಅದನ್ನು ಮೊಬೈಲಿನಲ್ಲಿ ನೋಡಿದ್ದು ಅವಳ ಅಮ್ಮ ಯಮುನಾ. ನೋಡಿದವಳೇ ಮೆಟ್ಟಿಲು ಹತ್ತಿ ಮಹಡಿಯ ಬಾಡಿಗೆ ಮನೆಯ ಬಾಗಿಲು ಬಡಿದಳು.

"ಫಹ್ಮಿದಾ ಆಂಟೀ! ಇವತ್ತೂ ಆಗಿದೆ!"

ಬಾಗಿಲು ತೆರೆದ ಫಹ್ಮಿದಾ ಮೂವತ್ತೆರಡು ವರ್ಷ ಆಸ್ಪತ್ರೆಯೊಂದರಲ್ಲಿ ಇ.ಸಿ.ಜಿ. ತೆಗೆದು ನಿವೃತ್ತರಾದವರು. ಜನ ಬಾಯಲ್ಲಿ ಹೇಳದ್ದನ್ನು ಎದೆಯ ಗೆರೆಯಲ್ಲಿ ಓದಿ ಅಭ್ಯಾಸ. ಜೋಗುಪಾಳ್ಯದ ಆ ಬೀದಿಯಲ್ಲಿ ಸಿಲಿಂಡರ್ ಕಾಣೆಯಾದರೂ ಸ್ಕೂಟರ್ ಕಾಣೆಯಾದರೂ ಮೊದಲು ಅವರಿಗೇ ದೂರು, ಆಮೇಲೆ ಪೊಲೀಸರಿಗೆ.

ಆದರೆ ಇಲ್ಲಿ ಏನೂ ಕಾಣೆಯಾಗಿರಲಿಲ್ಲ. ಹೆಚ್ಚಾಗಿತ್ತು! ಹೆಚ್ಚಾದದ್ದನ್ನು ಪತ್ತೆ ಹಚ್ಚುವುದು ಹೇಗೆ?

ಕೆಳಗೆ ಹಾಲ್‌ನಲ್ಲಿ ಹಂಸಳ ಅಪ್ಪ ಆನಂದ್ ಕೈಕಟ್ಟಿ ನಿಂತಿದ್ದ. ಅಜ್ಜಿ ಆಂಜನಮ್ಮ ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಮುಲಾಮು ತಿಕ್ಕುತ್ತಿದ್ದರು. ಬೀದಿಯಲ್ಲಿ ನಾಲ್ಕು ಮನೆ ಬಾಡಿಗೆಗೆ ಬಿಟ್ಟ ಒಡತಿ. ಮನೆಯಲ್ಲಿ ಅವರಿಗೆ ಸ್ವಂತ ಅಂತಿದ್ದದ್ದು ಆ ಕುರ್ಚಿ ಮತ್ತು ಆ ಮಂಡಿನೋವು.

"ಮೊದ್ಲಿಂದ ಹೇಳಿ," ಎಂದರು ಫಹ್ಮಿದಾ.

ಯಮುನಾ ಹೇಳಿದಳು. ಹೋದ ವರ್ಷ ಹಂಸಳಿಗೆ ಕೋವಿಡ್ ಬಂತು. ಮೂರೇ ದಿನ ಜ್ವರ. ನೆಗೆಟಿವ್ ಅಂತ ರಿಪೋರ್ಟು ಬಂತು. ಅಲ್ಲಿಂದಾಚೆ ಮನೆಯಲ್ಲಿ ಪಾಸಿಟಿವ್ ಆದ ಸುದ್ದಿ ಒಂದೂ ಬರಲಿಲ್ಲ. ಶಾಲೆಯ ಖೋಖೋ ತಂಡದಲ್ಲಿ ಓಡುತ್ತಿದ್ದ ಹುಡುಗಿ ತಲೆ ಬಾಚಿಕೊಂಡರೆ ಮಲಗಬೇಕು. ಓದಿದ ಸಾಲು ನಿಲ್ಲುವುದಿಲ್ಲ. ಒಂದು ದಿನ ಶಾಲೆಗೆ ಹೋದರೆ ಮೂರು ದಿನ ಹಾಸಿಗೆ. ಈ ವರ್ಷ ಹತ್ತನೇ ಕ್ಲಾಸು, ಹಾಜರಿ ಸಾಲದು. ಇದು ಲಾಂಗ್ ಕೋವಿಡ್ ಎಂದು ಡಾಕ್ಟರ್ ಬರೆದುಕೊಟ್ಟರೆ ಶಾಲೆಯವರು ವಿನಾಯಿತಿಗೆ ಕಳಿಸುತ್ತಾರೆ. ಕಾಗದ ಸೋಮವಾರದೊಳಗೆ ಬೇಕು. ಇವತ್ತು ಗುರುವಾರ.

"ಎಷ್ಟು ಕಮ್ಮಿ ಓಡಾಡ್ತಾಳೆ ಅಂತ ಗೊತ್ತಾಗ್ಲಿ, ಹಗಲೂ ರಾತ್ರಿ ವಾಚ್ ಕಟ್ಟಿರಿ ಅಂದಿದ್ರು ಡಾಕ್ಟ್ರು. ನಿನ್ನೆ ತೆಗೆದು ನೋಡಿದ್ರೆ—ದಿನಾ ಏಳು ಸಾವಿರ! 'ವಾಚ್ ಸುಳ್ಳು ಹೇಳಲ್ಲಮ್ಮ' ಅಂದ್ರು. ಬರ್ಕೊಡಲ್ಲ ಅಂದ್ಬಿಟ್ರು."

"ವಾಚ್ ಸುಳ್ಳು ಹೇಳಲ್ಲ," ಆನಂದ್ ಗುರುಗುಟ್ಟಿದ. "ಅಂದ್ರೆ ಇನ್ಯಾರೋ ಹೇಳ್ತಿದಾರೆ. ಬೆಳಗ್ಗೆ ಬೆಳಗ್ಗೆ ಕದ್ದು ಯಾರನ್ನ ನೋಡೋಕೆ ಹೋಗ್ತಾಳೋ!"

"ರೀ, ಅವಳಿಗೆ ಕೇಳ್ಸತ್ತೆ!"

ಹಂಸಳಿಗೆ ಕೇಳಿಸಿತ್ತು. ಅವಳೂ ಅಜ್ಜಿಯೂ ಮಲಗುವ ಕೋಣೆಯಲ್ಲಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಫಹ್ಮಿದಾ ಹೋಗಿ ಹತ್ತಿರ ಕೂತರು; ಯಮುನಾ, ಆನಂದ್ ಹಿಂದೆಯೇ ಬಂದು ನಿಂತರು.

"ಬೇಟಿ, ನಡೆದ್ಯಾ?"

"ಗೊತ್ತಿಲ್ಲ ಆಂಟಿ."

"ಗೊತ್ತಿಲ್ಲ ಅಂದ್ರೆ?"

"ನಡ್ದಿಲ್ಲ ಅಂತ ಅನ್ಸತ್ತೆ. ಆದ್ರೆ ಮೊನ್ನೆ ಸ್ನಾನ ಮಾಡಿದ್ನಾ ಇಲ್ವಾ ಅಂತಾನೇ ಮರ್ತೋಗಿತ್ತು. ನಿದ್ದೇಲಿ ನಡೀತೀನೇನೋ. ಅದಕ್ಕೇ ಸುಸ್ತೇನೋ." ಅವಳು ವಾಚು ಕಟ್ಟಿದ ಕೈಯನ್ನು ಯಾರದೋ ಕೈ ನೋಡಿದಂತೆ ನೋಡಿದಳು. "ಅಪ್ಪ ಹೇಳೋದೇ ನಿಜ ಇರ್ಬೋದು."

ಫಹ್ಮಿದಾ ಮುಖ ಬಿಗಿಯಿತು. ಹೆಜ್ಜೆ ಕದ್ದವರನ್ನು ಆಮೇಲೆ ಹಿಡಿಯಬಹುದು. ಈ ಹುಡುಗಿಗೆ ತನ್ನ ಮೈಯ ಮೇಲಿದ್ದ ನಂಬಿಕೆಯನ್ನೇ ಯಾರೋ ಕದ್ದಿದ್ದರು!

"ವಾಚ್ ಬಿಚ್ಚು, ನೋಡೋಣ."

ಸಾಧಾರಣ ವಾಚು. ಪಟ್ಟಿಯ ತೂತಿನೊಳಗೆ ಕೇಸರಿ ಬಣ್ಣದ ಪುಡಿ.

"ಇದೇನು?"

"ಚಿಪ್ಸ್ ಮಸಾಲೆ ಇರ್ಬೇಕು," ಎಂದಳು ಯಮುನಾ.

ಫಹ್ಮಿದಾ ಮೂಸಿದರು. ಮೊಬೈಲಿನಲ್ಲಿ ಹಿಂದಿನ ದಿನಗಳನ್ನು ಬೆರಳಿಂದ ಸರಿಸುತ್ತ ಹೋದರು. ಹೆಜ್ಜೆ ಶುರು ಐದೂ ಹತ್ತಕ್ಕೆ, ಮುಗಿಯುವುದು ಏಳೂ ಹತ್ತಕ್ಕೆ. ದಿನಾ ಏಳು ಸಾವಿರದ ನಾನೂರು, ಹತ್ತಿಪ್ಪತ್ತು ಆಚೆ ಈಚೆ. ಒಂದು ದಿನವೂ ರಜೆಯಿಲ್ಲ. ಮೊದಲ ದಿನ ಶನಿವಾರ—ಇವತ್ತಿಗೆ ಲೆಕ್ಕ ಹಾಕಿದರೆ ನಲವತ್ತೊಂದು ದಿನ.

"ಆನಂದ್, ನಿಮ್ಮ ಆಫೀಸಲ್ಲಿ ನಡಿಗೆ ಸ್ಪರ್ಧೆ ಇದೆ ಅಂತಿದ್ರಲ್ಲ?"

ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಆನಂದನ ಕೆಲಸ. ಅವನು ಕೆಂಪಾದ. "ಇದೆ. ತಿಂಗಳು ಪೂರ್ತಿ ದಿನಾ ಹತ್ತು ಸಾವಿರ ನಡೆದ್ರೆ ಏರ್ ಫ್ರೈಯರ್ ಕೊಡ್ತಾರೆ. ಅದಕ್ಕೆ?"

"ನಿಮ್ಮದೆಷ್ಟು?"

"ನಿನ್ನೆ—ಎರಡು ಸಾವಿರದ ಮುನ್ನೂರು."

"ಅದ್ರಲ್ಲಿ ಅರ್ಧ ಕ್ಯಾಂಟೀನಿಗೆ," ಎಂದಳು ಯಮುನಾ.

"ಬಿಟ್ವಿ. ಏಳು ಸಾವಿರ ನಡೆಯೋ ಗಂಡಸು ಅದನ್ನ ಮಗಳ ವಾಚಿಗೆ ದಾನ ಮಾಡಲ್ಲ. ಯಮುನಾ, ನೀನು ಕೆರೆ ಸುತ್ತ ವಾಕಿಂಗ್ ಹೋಗ್ತಿದ್ದೆ?"

"ಇವಳು ಮಲಗಿದ ಮೇಲೆ ನಿಲ್ಲಿಸ್ಬಿಟ್ಟೆ. ಆರೂವರೆಗೆ ಏಳ್ತೀನಿ ಆಂಟಿ. ಕಾಫಿಗಿಟ್ಟು ಹಾಲಿಗೆ ಕಾಯ್ತೀನಿ."

"ಹಾಲು ಎಷ್ಟೊತ್ತಿಗೆ ಬರತ್ತೆ?"

"ಏಳೂಕಾಲು. ಯಾಕೆ?"

"ಸುಮ್ನೆ."

ಆನಂದನಿಗೆ ತಾಳ್ಮೆ ಮುಗಿಯಿತು. "ಇಷ್ಟೆಲ್ಲ ಯಾಕೆ? ಇವಳನ್ನ ಎರಡು ಸಲ ಮೆಟ್ಟಿಲು ಹತ್ತಿಸಿ ನೋಡೋಣ. ನಿಜಾನೋ ನಾಟಕಾನೋ ಗೊತ್ತಾಗತ್ತೆ."

"ಖಬರ್ದಾರ್!" ಫಹ್ಮಿದಾ ದನಿಗೆ ಹಂಸಳೂ ಬೆಚ್ಚಿದಳು. "ಈ ಕಾಯಿಲೇಲಿ ಇವತ್ತು ಜಾಸ್ತಿ ಮಾಡಿದ್ರೆ ನಾಳೆ, ನಾಡಿದ್ದು ನೆಲ ಕಚ್ತಾರೆ. ಹತ್ತಿಸೋದು ಬೇಡ. ನಾಡಿ ಹತ್ತಿರೋದು ಇಲ್ಲೇ ಇದೆ, ನೋಡ್ರೀ."

ಮೊಬೈಲನ್ನು ಅವನ ಮೂಗಿನ ಕೆಳಗೆ ಹಿಡಿದರು.

"ನಿನ್ನೆ ಬೆಳಗ್ಗೆ ಎಂಟು ಗಂಟೆ. ಹಂಸ ಬಚ್ಚಲಿಗೆ ಹೋಗಿ ಬಂದ್ಲು. ಹೆಜ್ಜೆ ಎಷ್ಟು?"

"ಇಪ್ಪತ್ತೆರಡು."

"ನಾಡಿ?"

"ನೂರ—ನೂರ ಮೂವತ್ತಾರು?"

"ಈಗ ಅದೇ ದಿನ ಆರು ಗಂಟೆದು ಓದಿ."

ಆನಂದ್ ಓದಿದ. ಮತ್ತೆ ಓದಿದ. "ಎಂಬತ್ತೆರಡು."

"ಏಳು ಸಾವಿರ ಹೆಜ್ಜೆ, ನಾಡಿ ಎಂಬತ್ತೆರಡು ದಾಟಿಲ್ಲ. ಇಪ್ಪತ್ತೆರಡು ಹೆಜ್ಜೆಗೆ ನೂರ ಮೂವತ್ತಾರು. ಒಂದೇ ವಾಚು, ಆದ್ರೆ ಕೈ ಎರಡು! ವಾಚ್ ಸುಳ್ಳು ಹೇಳಿಲ್ಲ ಸ್ವಾಮಿ. ನೀವು, ಡಾಕ್ಟ್ರು—ಹೆಜ್ಜೆ ಓದಿದ್ರಿ, ಕೆಳಗಿನ ಸಾಲು ಓದ್ಲಿಲ್ಲ."

ಹಂಸ ನೆಟ್ಟಗೆ ಕೂತಳು.

"ಹಾಗಾದ್ರೆ ಯಾರದು ಆ ಕೈ?" ಯಮುನಾ ಕೇಳಿದಳು.

"ಅಷ್ಟು ನಡೆದ್ರೂ ಎದೆ ಓಡದಿರೋ ಕೈ. ಒಂದೋ ಓಟಗಾರರದು, ಇಲ್ಲಾ ನಾಡಿ ಏರದ ಹಾಗೆ ಹಿಡಿಯೋ ಬಿ.ಪಿ. ಮಾತ್ರೆ ನುಂಗೋರದು. ನಿಮ್ಮನೇಲಿ ಓಟಗಾರರು ಯಾರಿದಾರೆ? ಮಾತ್ರೆ ಸರಿ ಇದ್ಯಾ ಅಂತ ತಿಂಗಳು ತಿಂಗಳು ನನ್ನ ಹತ್ರ ತೋರ್ಸೋರು ಮಾತ್ರ ಒಬ್ಬರಿದಾರೆ."

ಹಾಲ್‌ನಲ್ಲಿ ಮುಲಾಮಿನ ಡಬ್ಬಿ ನೆಲಕ್ಕೆ ಬಿತ್ತು.

"ಅಮ್ಮ?" ಆನಂದ್ ನಕ್ಕೇಬಿಟ್ಟ. "ಅಮ್ಮಂಗೆ ಗೇಟ್ ತನಕ ಹೋಗೋಕೆ ಮಂಡಿ ಬಿಡಲ್ಲ!"

"ಮೂಲೆ ಅಂಗಡಿಯಿಂದ ಹಾಲು ತರೋರು ಯಾರು?"

"ಅಮ್ಮ."

"ಹೊರಡೋದು ಐದಕ್ಕೆ. ಬರೋದು ಏಳೂಕಾಲಿಗೆ. ಅಂಗಡಿ ಇರೋದು ನಾಲ್ಕು ಮನೆ ಆಚೆ. ಒಂದು ಪಾಕೆಟ್ ಹಾಲಿಗೆ ಎರಡು ಗಂಟೆ ಯಾಕೆ ಅಂತ ಈ ಮನೇಲಿ ಯಾರೂ ಕೇಳಿಲ್ಲ. ಕಾಫಿ ಬಂದ್ರೆ ಸಾಕು ನಿಮಗೆ! ಮಂಡಿನೋವು ಜಾಸ್ತಿ ಆಗಿದ್ದು ಯಾವಾಗಿಂದ, ಅದನ್ನೂ ಕೇಳಿಲ್ಲ. ಪಟ್ಟಿ ತೂತಲ್ಲಿರೋದು ಮಸಾಲೆ ಅಲ್ಲ, ಆಂಜನೇಯನ ಸಿಂಧೂರ. ಶುರು ಆಗಿದ್ದು ಶನಿವಾರ. ಗುಡಿ ಸುತ್ತೋರು ಎಷ್ಟು ಸುತ್ತು ಸುತ್ತಬೇಕೋ ಅಷ್ಟೇ ಸುತ್ತುತಾರೆ—ಅದಕ್ಕೇ ದಿನಾ ಒಂದೇ ಸಂಖ್ಯೆ. ಬನ್ನಿ ಆಂಜನಮ್ಮ, ನೀವೇ ಹೇಳ್ಬಿಡಿ."

ಆಂಜನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಹೇಳ್ಬಾರ್ದು ಕಣಮ್ಮ. ಹೇಳಿದ್ರೆ ಹರಕೆ ಫಲ ಹೋಗತ್ತೆ."

"ಹೇಳ್ದಿದ್ರೆ ನಿಮ್ಮ ಮೊಮ್ಮಗಳ ವರ್ಷ ಹೋಗತ್ತೆ."

ಮುದುಕಿ ಹಂಸಳನ್ನು ನೋಡಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ದಿನಾ ನೂರೆಂಟು ಪ್ರದಕ್ಷಿಣೆ, ನಲವತ್ತೆಂಟು ದಿನ. ಕಾಯಿಲೆ ಬಿದ್ದ ಮಗು ಬರಲಾಗದಿದ್ದರೆ ಅದರ ಮೈಮೇಲಿನದೇನಾದರೂ ತೊಟ್ಟು ಸುತ್ತಬೇಕು. "ಕಿವಿ ಓಲೇನೂ ಭಾರ ಅಂತ ಬಿಚ್ಚಿಟ್ಟವ್ಳೆ. ಮೈಮೇಲಿರೋದು ಅದೊಂದು ಗಡಿಯಾರ ತಾನೆ? ರಾತ್ರಿ ನಿದ್ದೆ ಮಾತ್ರೆ ನುಂಗಿ ಮಲಗಿರ್ತಾಳೆ, ಬಿಚ್ಕೊಂಡು ಹೋಗಿ ಬಂದು ಕಟ್ತಿದ್ದೆ."

"ಅಮ್ಮಾ! ಅದು ಹೆಜ್ಜೆ ಎಣ್ಸತ್ತೆ ಅಂತ ನಿನ್ನೆಯಿಂದ ಬಡ್ಕೋತಿದೀವಿ!"

"ಎಣ್ಸತ್ತೆ ಅಂದ್ರಿ. ನಂದು ಎಣ್ಸತ್ತೆ ಅಂದ್ರಾ? ಹಂಸನ ವಾಚು ಹಂಸನ ಹೆಜ್ಜೆ ತಾನೆ ಎಣ್ಸಬೇಕು? ಕಟ್ಟಿರೋದು ಯಾರು ಅಂತ ಅಷ್ಟೂ ಗೊತ್ತಾಗಲ್ವಾ ಅದಕ್ಕೆ?"

ಫಹ್ಮಿದಾ ಮುಖ ತಿರುಗಿಸಿ ನಗು ನುಂಗಿದರು. ತನ್ನ ಹೆಜ್ಜೆಯನ್ನೆಲ್ಲ ಮೊಮ್ಮಗಳ ಹೆಸರಿಗೆ ಹಾಕಿಕೋ ಎಂದು ಅಜ್ಜಿ ದೇವರನ್ನು ಬೇಡಿದ್ದರು. ದೇವರು ಇನ್ನೂ ಯೋಚಿಸುತ್ತಿದ್ದ. ವಾಚು ಮೊದಲ ದಿನವೇ ಹಾಕಿಬಿಟ್ಟಿತ್ತು!

"ಹೋಯ್ತು," ಆಂಜನಮ್ಮ ಕಣ್ಣೊರೆಸಿಕೊಂಡರು. "ನಲವತ್ತೊಂದು ದಿನದ್ದು. ಬಾಯಿ ಬಿಟ್ಟೆ, ಫಲಾನೂ ಹೋಯ್ತು."

"ಇಲ್ಲ ಅಜ್ಜಿ." ಹಂಸಳ ದನಿ ಸಣ್ಣದಿತ್ತು, ಆದರೆ ಅಲುಗಾಡಲಿಲ್ಲ. "ನಾನು ಸುಳ್ಳು ಹೇಳಿಲ್ಲ. ನಂಗೆ ಹುಚ್ಚೂ ಹಿಡ್ದಿಲ್ಲ. ಇವತ್ತು ಗೊತ್ತಾಯ್ತಲ್ಲ. ಅದೇ ಫಲ."

ಆನಂದ್ ಹೋಗಿ ಮಗಳ ಕಾಲ ಬಳಿ ಕೂತ. ಜಾರಿದ್ದ ಹೊದಿಕೆಯನ್ನು ಅವಳ ಪಾದದ ಮೇಲೆ ಎಳೆದ.

ಫಹ್ಮಿದಾ ಡಾಕ್ಟರಿಗೆ ತಾವೇ ಫೋನ್ ಮಾಡಿ ಎರಡು ಕೈಯ ಕಥೆ ಹೇಳಿದರು. ಡಾಕ್ಟರ್ ಆರು ಗಂಟೆಯ ನಾಡಿ ಎಷ್ಟೆಂದು ಇನ್ನೊಮ್ಮೆ ಕೇಳಿದರು. ಆಮೇಲೆ: ಭಾನುವಾರದವರೆಗೆ ವಾಚು ಹುಡುಗಿಯ ಕೈಬಿಟ್ಟು ಕದಲಬಾರದು, ನಾಡಿಯ ಸಾಲನ್ನೂ ಸೇರಿಸಿ ಕಳಿಸಿ, ನೋಡಿ ಬರೆದುಕೊಡುತ್ತೇನೆ.

ಶುಕ್ರವಾರ ಬೆಳಗ್ಗೆ ಏಳೂವರೆಗೆ ಆನಂದ್, ಯಮುನಾ, ಫಹ್ಮಿದಾ ಮೂವರೂ ಮೊಬೈಲಿನ ಮೇಲೆ ಬಾಗಿದರು. ಹಂಸಳ ಹೆಜ್ಜೆ: ಸೊನ್ನೆ. ಶನಿವಾರ ಸೊನ್ನೆ. ಭಾನುವಾರವೂ ಸೊನ್ನೆ. ಹತ್ತನೇ ಕ್ಲಾಸಿನ ಹುಡುಗಿ ಸತತ ಮೂರು ಸೊನ್ನೆ ತೆಗೆದಳೆಂದು ಅಪ್ಪನೊಬ್ಬ ಕೇಸರಿಬಾತು ತಂದದ್ದು ಜೋಗುಪಾಳ್ಯದಲ್ಲಿ ಅದೇ ಮೊದಲಿರಬೇಕು. ಅಂದು ಸಂಜೆಯೇ ಡಾಕ್ಟರ ಕಾಗದ ಬಂತು.

ಗುರುವಾರ ರಾತ್ರಿಯಿಂದ ಅಜ್ಜಿ ಹಂಸಳ ಜಡೆಗೆ ಕಟ್ಟತೊಡಗಿದ ರಿಬ್ಬನ್ ಮಾತ್ರ ಆ ಮೂರು ದಿನ ಬೆಳಗ್ಗೆ ಕಾಣಲಿಲ್ಲ. ಯಾರೂ ದೂರು ಕೊಡಲಿಲ್ಲ.

ಹಾಲು ಎಂದಿನಂತೆ ಏಳೂಕಾಲಿಗೇ ಬರುತ್ತಿತ್ತು.