ಎಡಗಾಲಿನ ಲಾಳ

ಗೋಡೆಯ ಗೂಡು ಖಾಲಿಯಾಗಿತ್ತು. ಒಳಗಿದ್ದ ಕೆಂಪು ಬಟ್ಟೆಯ ಮೇಲೆ ಹರಳೆಣ್ಣೆಯ ಕಲೆ ಮಾತ್ರ ಉಳಿದಿತ್ತು. ಒಂದು ಎಡಗಾಲಿನ ಆಕಾರದ ಕಲೆ.

ನವೆಂಬರ್ ಎರಡು, ಭಾನುವಾರ. ತೀರಿಕೊಂಡವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ. ಆರೋಗ್ಯಮ್ಮ ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬನ್ನಿಮಂಟಪದ ಮನೆಗೆ ಬಂದಾಗ ಒಂಬತ್ತು ಗಂಟೆ. ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಗಂಡ ನೆಲ್ಸನ್‌ನ ಫೋಟೋದ ಮುಂದೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ಅದನ್ನು ಅವರು ಹಚ್ಚಿರಲಿಲ್ಲ.

ಆಗಲೇ ಹಿತ್ತಲಿನಿಂದ ಸದ್ದು ಕೇಳಿಸಿತು. ಚರ್... ಚರ್... ಸಿಮೆಂಟಿನ ಮೇಲೆ ಉಕ್ಕು ಎಳೆದ ಸದ್ದು. ನಲವತ್ತಮೂರು ವರ್ಷದ ಹಿಂದೆ ರೇಸು ಮುಗಿಸಿ ಶೋಕಿಗೆಂದು ಹಾಗೇ ಕಾಲೆಳೆದುಕೊಂಡು ನೆಲ್ಸನ್ ಮನೆಗೆ ಬರುತ್ತಿದ್ದ ಸದ್ದು. ನೋಡೋಣವೆಂದರೆ ಆರೋಗ್ಯಮ್ಮನಿಗೆ ಹೆಜ್ಜೆ ಏಳಲಿಲ್ಲ. ನನಗೆ ಫೋನು ಮಾಡಿದರು.

"ದೊರೆ, ಅವರು ಬಂದಿದ್ರು ಕಣಪ್ಪ. ಲಾಳ ತಗೊಂಡು ಹೋದ್ರು."

ಮಣ್ಣಿನ ಟ್ರ್ಯಾಕಿನ ರೇಸು ಈಗಿನವರಿಗೆ ಗೊತ್ತಿಲ್ಲ, ಹೇಳಿದರೆ ನಂಬುವುದೂ ಇಲ್ಲ. ಬೈಕಿಗೆ ಬ್ರೇಕಿಲ್ಲ. ತಿರುವುಗಳೆಲ್ಲ ಎಡಕ್ಕೇ. ಎಡಗಾಲನ್ನು ನೆಲಕ್ಕೂರಿ, ಬೈಕನ್ನು ಅಡ್ಡಡ್ಡ ಜಾರಿಸಿಕೊಂಡೇ ತಿರುಗಬೇಕು. ಬೂಟು ಮಣ್ಣಿಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಅದಕ್ಕೇ ಎಡಬೂಟಿನ ಅಡಿಗೆ ಬಕಲಿನ ಚರ್ಮದ ಪಟ್ಟಿಯಿಂದ ಉಕ್ಕಿನ ತಗಡು ಕಟ್ಟುತ್ತಿದ್ದರು. ನಾವು ಅದನ್ನು ಲಾಳ ಅನ್ನುತ್ತಿದ್ದೆವು. 1982ರಲ್ಲಿ ಇಡೀ ಮೈಸೂರಿಗೆ ಇದ್ದದ್ದು ಒಂದೇ ಲಾಳ. ಲೂರ್ದುಸ್ವಾಮಿ ಲಾರಿ ಬಂಪರು ಕತ್ತರಿಸಿ, ಬೆಸುಗೆ ಹಾಕಿ ಮಾಡಿದ್ದು. ನಮ್ಮೂರ ಇಬ್ಬರು ಸವಾರರು, ನೆಲ್ಸನ್ ಮತ್ತು ಜವರಪ್ಪ, ಸರದಿಯ ಮೇಲೆ ಅದನ್ನು ಕಟ್ಟಿಕೊಳ್ಳುತ್ತಿದ್ದರು.

ಆ ವರ್ಷ ಇಬ್ಬರೂ ಫೈನಲ್ಲಿಗೆ ಬಂದರು. ಮೂರನೇ ಸುತ್ತಿನ ಕೊನೆಯ ತಿರುವಿನಲ್ಲಿ ನೆಲ್ಸನ್ ಬಿದ್ದ. ಮತ್ತೆ ಏಳಲಿಲ್ಲ. ಅವನ ಪಕ್ಕದಲ್ಲಿ ಬಿದ್ದಿದ್ದ ಲಾಳವನ್ನು ಯಾರೋ ತಂದು ಆರೋಗ್ಯಮ್ಮನ ಕೈಗಿಟ್ಟರು. ಅಂದಿನಿಂದ ಪ್ರತಿ ವರ್ಷ ಈ ದಿನ ನಾವು ಅಭಿಮಾನಿಗಳು ಅವರ ಮನೆಯಲ್ಲಿ ಸೇರುತ್ತೇವೆ. ಲಾಳದ ಉಕ್ಕಿಗೆ ಹರಳೆಣ್ಣೆ ಸವರುತ್ತೇವೆ. ರೇಸಿನ ಬೈಕಿಗೆ ಹಾಕುತ್ತಿದ್ದದ್ದೂ ಅದೇ ಎಣ್ಣೆ, ಆ ವಾಸನೆ ಬಂದರೆ ಸಾಕು, ನಾವೆಲ್ಲ ಮತ್ತೆ ಬೇಲಿ ಹಿಡಿದು ನಿಂತ ಹುಡುಗರಾಗುತ್ತೇವೆ. ಹಳೆಯ ಕಥೆಯನ್ನೇ ಹೊಸದಾಗಿ ಹೇಳಿಕೊಂಡು ಸಮಾಧಿಗೆ ಹೋಗುತ್ತೇವೆ. ಈ ಸಲ ಲಾಳವನ್ನು ಸಮಾಧಿಯ ಮೇಲೇ ಸಿಮೆಂಟಿನಲ್ಲಿ ಕೂರಿಸಬೇಕೆಂದು ಆರೋಗ್ಯಮ್ಮ ಹಟ ಹಿಡಿದಿದ್ದರು. ನಾಲ್ಕು ಗಂಟೆಗೆ ಗಾರೆಯವನು ಬರುವುದಿತ್ತು.

ಪೊಲೀಸರಿಗೆ ಹೇಳಿದರೆ ನಗುತ್ತಾರೆ. ವಿದ್ಯಾರಣ್ಯಪುರಂನಲ್ಲಿ ನನ್ನ ಪಕ್ಕದ ಮನೆಯ ಪ್ರೇಮಲೀಲಾ ಮೇಡಂ ನಿವೃತ್ತ ಸಬ್ ಇನ್‌ಸ್ಪೆಕ್ಟರ್. ರೇಸು ಅಂದರೆ ಕುದುರೆ ಎಂದಷ್ಟೇ ತಿಳಿದವರು. ಅವರನ್ನು ನನ್ನ ಹಳೇ ಜಾವಾದ ಹಿಂದೆ ಕೂರಿಸಿಕೊಂಡು ಬಂದೆ. ಸೊಂಟ ಮುರಿಯಿತೆಂದು ದಾರಿಯುದ್ದಕ್ಕೂ ಬೈದರು.

ಹಿತ್ತಿಲ ಬಾಗಿಲ ಕೀಲಿ ಹೂಕುಂಡದ ಕೆಳಗಿರುವುದು ನಮ್ಮ ಗುಂಪಿಗೆಲ್ಲ ಗೊತ್ತಿದ್ದ ಗುಟ್ಟು. ಕಳ್ಳ ಬಂದದ್ದು ಹಾಗೆ. ಮೇಡಂ ಕೀಲಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ; ಮಂಡಿಯೂರಿ ಸಿಮೆಂಟಿನ ನೆಲವನ್ನು ನೋಡಿದರು. ಮೆಟ್ಟಿಲಿನಿಂದ ಹಿಂದಿನ ಗೇಟಿನವರೆಗೆ ಹೊಸ ಬಿಳಿ ಗೀರುಗಳು, ಒಂದೊಂದು ಹೆಜ್ಜೆಗೆ ಒಂದೊಂದು. ಎಲ್ಲವೂ ಎಡಗಾಲಿನ ಕಡೆಗೇ ಇದ್ದವು. ರಸ್ತೆಯ ಡಾಂಬರಿನ ಮೇಲೆ ಕಾಣೆಯಾಗಿದ್ದವು.

ದೆವ್ವ ಭೂತ ನಂಬುವವನಲ್ಲ ನಾನು. ಆದರೂ ಅಲ್ಲಿ ಒಬ್ಬನೇ ನಿಲ್ಲಲು ಮನಸ್ಸಾಗಲಿಲ್ಲ.

ಅಡುಗೆಮನೆಯಲ್ಲಿ ಆರೋಗ್ಯಮ್ಮ ಗೋಡೆಗೊರಗಿ ಕೂತಿದ್ದರು. ಕದ್ದವರು ಯಾರಿರಬಹುದೆಂದು ಮೇಡಂ ಕೇಳಿದರೆ ಅವರು ಬೇರೆಯದನ್ನೇ ಹೇಳಿದರು. ಲಾಳ ಕಟ್ಟಿದವನು ಆ ತಿರುವಿನಲ್ಲಿ ಬೀಳುವುದಿಲ್ಲ. ನೆಲ್ಸನ್ ಬಿದ್ದ. ಎತ್ತಿದವರಿಗೆ ಬ್ರಾಂದಿ ವಾಸನೆ ಬಂದಿತ್ತು. ಕುಡಿದು ಓಡಿಸಿ ಸತ್ತ ಎಂದು ಊರು ಆಡಿಕೊಂಡಿತು.

"ಕುಡಿಯೋರಲ್ಲ ಮೇಡಂ ಅವರು. ಆವತ್ತು ಬೆಳಿಗ್ಗೆ ಕೆಮ್ಮು ಅಂತಿದ್ರು. ನಾನೇ ಎರಡು ಚಮಚ ಬ್ರಾಂದಿ ಕುಡಿಸಿದ್ದೆ." ಅವರ ದನಿ ಅಲ್ಲಾಡಲಿಲ್ಲ, ಅಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದರು. "ಯಾರಿಗೂ ಹೇಳಿಲ್ಲ. ಆ ಲಾಳ ಅವರ ತಲೆ ಹತ್ರ ಇಟ್ಟು ಕ್ಷಮಿಸಿ ಅನ್ನೋಣ ಅಂತಿದ್ದೆ. ಅಷ್ಟ್ರಲ್ಲಿ ಬಂದು ತಗೊಂಡು ಹೋಗ್ಬುಟ್ರು. ಅಂದ್ರೆ ಕ್ಷಮಿಸಿಲ್ಲ ಅಂತ ತಾನೇ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಲವತ್ತಮೂರು ವರ್ಷ ಈ ಮನೆಯಲ್ಲಿ ಕಾಫಿ ಕುಡಿದಿದ್ದೇನೆ, ಈ ಹೆಂಗಸಿನ ಒಳಗೆ ಇಂಥದ್ದಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನನ್ನ ಮೇಲೆ ನನಗೇ ಕೋಪ ಬಂತು.

ಎರಡು ಗಂಟೆಗೆ ಎಲ್ಲರೂ ಬಂದರು. ಎಲ್ಲರೂ ಅಂದರೆ ಉಳಿದವರು ಇಬ್ಬರು. ಹೆಬ್ಬಾಳದ ಶೆಡ್ಡಿನಲ್ಲಿ ಹಳೇ ಬೈಕುಗಳಿಗೆ ಜೀವ ಕೊಡುವ ಹರೀಶ್, ತನ್ನ ಪ್ರದರ್ಶನಕ್ಕೆ ಲಾಳ ಕೊಡಿ ಎಂದು ವರ್ಷದಿಂದ ಪೀಡಿಸುತ್ತಿದ್ದವನು. ಲಾಳ ಮಾಡಿದ ಲೂರ್ದುಸ್ವಾಮಿ, ಸಿಮೆಂಟಿನಲ್ಲಿ ಹೂತರೆ ತುಕ್ಕು ತಿನ್ನುತ್ತದೆ ಎಂದು ಹೋದ ವಾರವಷ್ಟೇ ಇದೇ ಮನೆಯಲ್ಲಿ ಜಗಳವಾಡಿದ್ದವರು. ಜವರಪ್ಪನವರು ಮಂಡಿನೋವೆಂದು ಫೋನು ಮಾಡಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಬಂದರೂ ಒಳಗೆ ಬರುವವರಲ್ಲ. ಪ್ರತಿ ವರ್ಷ ಬಾಗಿಲಲ್ಲೇ ನಿಂತು ಹೋಗುತ್ತಿದ್ದರು.

ಬೆಳಿಗ್ಗೆ ಎಲ್ಲಿದ್ದಿರಿ ಎಂದು ಮೇಡಂ ಕೇಳಬಹುದೆಂದು ನಾನು ಕಾದೆ. ಅವರು ಆ ರೇಸಿನ ಕಥೆ ಹೇಳಿ ಎಂದರು.

ಕೇಳಬೇಕೆ? ಲೂರ್ದುಸ್ವಾಮಿ ಶುರು ಮಾಡಿದರು. ಧೂಳು, ಧೂಳಿನೊಳಗೆ ನಾಲ್ಕು ಬೈಕು, ಕಿವಿಗಡಚಿಕ್ಕುವ ಸದ್ದು. ತನಗೆ ಅಪ್ಪ ಹೇಳಿದ ಕಥೆಯನ್ನು ಹರೀಶ್ ಸೇರಿಸಿದ. ಕೊನೆಗೆ ನಾನು ನನ್ನ ಪಾಲಿನದನ್ನು ಹೇಳಿದೆ: ಧೂಳಿನಲ್ಲಿ ಸವಾರನೇ ಕಾಣಲಿಲ್ಲ, ನೆಲ್ಸನ್‌ನ ಲಾಳ ಬೆಣಚುಕಲ್ಲಿಗೆ ತಾಗಿ ಹಾರಿದ ಕಿಡಿ ಮಾತ್ರ ಕಂಡಿತು, ಅದಾದ ಕ್ಷಣದಲ್ಲೇ ಅವನು ಬಿದ್ದ. ಹತ್ತೊಂಬತ್ತು ವರ್ಷದವನಾಗಿ ಕಂಡ ಆ ಕಿಡಿ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ.

"ಸವಾರ ಕಾಣಲಿಲ್ಲ?" ಎಂದರು ಮೇಡಂ.

"ಧೂಳು, ಮೇಡಂ."

"ಕಿಡಿ ಹಾರಿದ್ದು ನೆಲ್ಸನ್ ಕಾಲಿಂದ ಅಂತ ಹೇಗೆ ಗೊತ್ತಾಯ್ತು?"

"ಲಾಳ ಅವನ ಹತ್ತಿರ ಬಿದ್ದಿತ್ತಲ್ಲ."

"ಅದು ಆಮೇಲೆ. ಫೈನಲ್ ಶುರುವಾಗೋ ಮುಂಚೆ ನೆಲ್ಸನ್ ಲಾಳ ಕಟ್ಟಿಕೊಂಡಿದ್ದನ್ನ ನೋಡಿದೋರು ಯಾರು?"

ನಾನು ಲೂರ್ದುಸ್ವಾಮಿಯವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಹೊರಗೆ ಬೀದಿಯಲ್ಲಿ ಯಾರೋ ಸೇವಂತಿಗೆ ಮಾರುತ್ತಿದ್ದರು.

ನೆಲ್ಸನ್ ಆ ದಿನ ತೊಟ್ಟಿದ್ದೆಲ್ಲವನ್ನೂ ತನ್ನಿ ಎಂದರು ಮೇಡಂ. ಆಸ್ಪತ್ರೆಯವರು ಕಟ್ಟಿಕೊಟ್ಟ ಗಂಟು ಮಂಚದ ಕೆಳಗಿನ ಟ್ರಂಕಿನಲ್ಲೇ ಇತ್ತು. ಆರೋಗ್ಯಮ್ಮ ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ನಾವೂ ಕೇಳಿರಲಿಲ್ಲ, ನಮಗೆ ಲಾಳ ಸಾಕಾಗಿತ್ತು. ಮೇಡಂ ಬೂಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಎಡಬೂಟನ್ನು ಚೀಲಕ್ಕೆ ಹಾಕಿಕೊಂಡರು.

"ಜವರಪ್ಪನವರ ಮನೆಗೆ ನಡೀರಿ. ಅಮ್ಮ, ಆ ಹರಳೆಣ್ಣೆ ಬಾಟಲಿ ತಗೊಳ್ಳಿ."

ಎಣ್ಣೆ ಯಾಕೆಂದು ನನಗೆ ಅರ್ಥವಾಗಲಿಲ್ಲ. ಮಂಡಿನೋವಿಗಿರಬೇಕು ಎಂದುಕೊಂಡೆ.

ಎರಡು ಬೀದಿ ಆಚೆಗೆ ಅವರ ಮನೆ. ಸೊಸೆ ಗೌತಮಿ ಬಾಗಿಲು ತೆಗೆದಳು. ಮಾವ ಬೆಳಿಗ್ಗೆಯಿಂದ ಕೋಣೆ ಬಿಟ್ಟು ಬಂದಿಲ್ಲ, ತಿಂಡಿಯನ್ನೂ ಮುಟ್ಟಿಲ್ಲ ಎಂದಳು. ಜವರಪ್ಪನವರು ಮಂಚದ ಮೇಲೆ ಕೂತಿದ್ದರು, ಸೊಂಟದಿಂದ ಕೆಳಗೆ ಕಂಬಳಿ ಹೊದ್ದು. ಆ ಸೆಖೆಯಲ್ಲಿ ಕಂಬಳಿ. ಆರೋಗ್ಯಮ್ಮನನ್ನು ಕಂಡು ಅದನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು.

ಮೇಡಂ ನಿಂತೇ ಹೇಳಿದರು. "ಲಾಳ ಕದ್ದವನು ಸದ್ದಿಲ್ಲದೆ ಚೀಲಕ್ಕೆ ಹಾಕ್ಕೊಂಡು ಹೋಗ್ತಾನೆ. ಇವನು ಗೇಟಿನವರೆಗೆ ಸಿಮೆಂಟು ಕೆರೆದುಕೊಂಡು ನಡೆದಿದ್ದಾನೆ. ಯಾಕೆ? ಕಾಲಿಗೆ ಹಾಕಿದ್ದು ಬಿಚ್ಚೋಕೆ ಬರಲಿಲ್ಲ. ಕಂಬಳಿ ತೆಗೀರಿ ಜವರಪ್ಪನವರೇ."

ಆರೋಗ್ಯಮ್ಮನೇ ಮುಂದೆ ಹೋಗಿ ಕಂಬಳಿ ಸರಿಸಿದರು.

ಲಾಳ ಅವರ ಎಡಗಾಲಿನಲ್ಲಿತ್ತು. ಒಣಗಿ ಮರಗಟ್ಟಿದ ಚರ್ಮದ ಪಟ್ಟಿ ಪಾದಕ್ಕೆ ಕಚ್ಚಿಕೊಂಡಿತ್ತು. ಬಕಲಿನ ಮುಳ್ಳು ಡೊಂಕಾಗಿತ್ತು, ಹಿಮ್ಮಡಿ ಊದಿತ್ತು. ಪಕ್ಕದಲ್ಲಿ ಒಂದು ಬ್ಲೇಡು. ಪಟ್ಟಿಯ ಮೇಲೆ ಒಂದು ಗಾಯವೂ ಇರಲಿಲ್ಲ.

ಮೇಡಂ ಚೀಲದಿಂದ ಬೂಟು ತೆಗೆದು ತಲೆಕೆಳಗು ಮಾಡಿದರು. "ಇದು ನೆಲ್ಸನ್ ಎಡಬೂಟು. ಬೆರಳಿನ ಕಡೆಯಿಂದ ಅಡಿ ಕಿತ್ತು ಬಂದಿದೆ. ಹೊಲಿಗೆ ಸಂದಿಯೆಲ್ಲ ಟ್ರ್ಯಾಕಿನ ಕೆಮ್ಮಣ್ಣು. ಉಕ್ಕಿನ ತಗಡು ಕಟ್ಟಿದ್ದಿದ್ರೆ ಈ ಅಡಿ ನೆಲಾನೇ ಮುಟ್ಟುತ್ತಿರಲಿಲ್ಲ. ನೆಲ್ಸನ್ ಆವತ್ತು ಲಾಳ ಹಾಕಿರಲಿಲ್ಲ. ಊರಿಗಿದ್ದದ್ದು ಒಂದು ಲಾಳ, ಹಾಕ್ಕೊಳ್ಳೋರು ಇಬ್ಬರು. ಕಿಡಿ ಹಾರಿದ್ದು ನಿಮ್ಮ ಕಾಲಿಂದ."

ನನ್ನ ಕಿಡಿ.

ಜವರಪ್ಪನವರು ಬಾಯಿ ಬಿಟ್ಟರು. ಸೆಮಿಫೈನಲ್ಲಿನಲ್ಲಿ ಲಾಳ ತಾವು ಕಟ್ಟಿದ್ದರಂತೆ. ಫೈನಲ್ಲಿಗೆ ಸರದಿ ನೆಲ್ಸನ್‌ದು. ಕೊಡಲು ಮನಸ್ಸು ಬರಲಿಲ್ಲ.

"ಬಕಲ್ ಕಚ್ಕೊಂಡುಬುಟ್ಟದೆ, ಬಿಚ್ಚಕ್ಕಾಗ್ತಿಲ್ಲ ಅಂದೆ. ಸುಳ್ಳು. ಅವನು ನಕ್ಕು, ಇಟ್ಕೋ ಬುಡೋ ಅಂದ. ಅವನು ಬಿದ್ದಾಗ ಓಡಬೇಕಿತ್ತಲ್ಲ... ಒಂದೇ ಎಳೆತಕ್ಕೆ ಬಿಚ್ಚಿ ಬಂತು. ಅವನ ಪಕ್ಕದಲ್ಲೇ ಬಿಸಾಕಿ ತಲೆ ಎತ್ತಿ ಹಿಡ್ಕೊಂಡೆ. ಜನ ಅದು ಅವನ ಕಾಲಿಂದು ಅಂದ್ರು. ನಾನು ಸುಮ್ನಿದ್ದೆ. ಕುಡಿದಿದ್ದ ಅಂದ್ರು, ಆಗಲೂ ಸುಮ್ನಿದ್ದೆ."

"ಇವತ್ಯಾಕೆ ತಗೊಂಡ್ರಿ?" ಮೇಡಂ ಕೇಳಿದರು.

"ಅವನ ಸಮಾಧಿ ಮೇಲೆ ಇದನ್ನ ಕೂರಿಸ್ತಾರೆ ಅಂದ್ರು. ಈ ಸುಳ್ಳು ಅವನ ಎದೆ ಮೇಲೆ ಕೂರಬಾರದು ಅನ್ನಿಸ್ತು. ಮೇಣದಬತ್ತಿ ಹಚ್ಚಿ ತಪ್ಪಾಯ್ತು ಅಂದೆ. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದ್ಸಲ ಹಾಕ್ಕೊಂಡು ನೋಡ್ದೆ. ಮುಂದಿನ ಗೇಟಿನ ಸದ್ದಾಯ್ತು. ಬಿಚ್ಚೋಣ ಅಂದ್ರೆ..." ಅವರು ಕಾಲು ನೋಡಿಕೊಂಡರು. "ಈ ಸಲ ನಿಜವಾಗ್ಲೂ ಕಚ್ಕೊಂಡುಬುಡ್ತು. ಕತ್ತರಿಸೋಕೆ ಕೈ ಬರ್ಲಿಲ್ಲ. ಅವನೇ ಹಿಡ್ಕೊಂಡಿದ್ದಾನೆ ಅನ್ನಿಸ್ತು."

ಕೋಣೆಯಲ್ಲಿ ಹರಳೆಣ್ಣೆಯ ವಾಸನೆ ತುಂಬಿತ್ತು. ಆರೋಗ್ಯಮ್ಮ ಬೂಟಿನ ಕಿತ್ತ ಅಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

"ಹಾಗಾದ್ರೆ ಆ ಬ್ರಾಂದಿ, ಮೇಡಂ?"

"ಎರಡು ಚಮಚ ಬ್ರಾಂದಿಗೆ ಬೂಟಿನ ಅಡಿ ಕಿತ್ತು ಬರಲ್ಲ ಅಮ್ಮ."

ಆರೋಗ್ಯಮ್ಮ ನೆಲದ ಮೇಲೆ ಕೂತರು. ಬಾಟಲಿಯ ಮುಚ್ಚಳ ತೆಗೆದು ಬಕಲಿನ ಮೇಲೆ ಎಣ್ಣೆ ಸುರಿದರು. ಬಹಳ ಹೊತ್ತು ತಿಕ್ಕಿದರು. ಜವರಪ್ಪನವರು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಕೊನೆಗೆ ಮುಳ್ಳು ಜಾರಿತು. ಆರೋಗ್ಯಮ್ಮ ಲಾಳವನ್ನು ಕಾಲಿನಿಂದ ಮೆಲ್ಲಗೆ ಎಳೆದು, ಸೆರಗಿನಿಂದ ಒರೆಸಿ, ಜವರಪ್ಪನವರ ತೊಡೆಯ ಮೇಲಿಟ್ಟರು.

"ಇಟ್ಕೊಳ್ಳಿ ಬುಡಿ," ಎಂದರು.

ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇಂದಿಗೂ ತಿಳಿಯದು.

ನಾಲ್ಕು ಗಂಟೆಗೆ ಸಮಾಧಿಯ ಹತ್ತಿರ ಗಾರೆಯವನನ್ನು ವಾಪಸು ಕಳಿಸಿದೆವು. ಫಾದರ್ ಸಾಲಿನ ಆ ತುದಿಯಿಂದ ಸಮಾಧಿಗಳಿಗೆ ಪವಿತ್ರ ಜಲ ಚಿಮುಕಿಸುತ್ತಾ ಬರುತ್ತಿದ್ದರು. ಆರೋಗ್ಯಮ್ಮ ಸುಣ್ಣ ಬಳಿದ ಕಲ್ಲಿನ ಮೇಲೆ ಹರಿದ ಬೂಟನ್ನಿಟ್ಟರು, ಅದರ ಪಕ್ಕದಲ್ಲಿ ಸೇವಂತಿಗೆ. ಆಮೇಲೆ ಬಗ್ಗಿ, ಮನೆಯಲ್ಲಿ ಗಂಡನನ್ನು ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಹೇಳಿದರು:

"ಬ್ರಾಂದಿ ಅಲ್ವಂತೆ ಕಣ್ರೀ. ನಾನಲ್ವಂತೆ."